ದೊಡ್ಡಪ್ಪಯ್ಯನ ಮಂಡಿಯನ್ನು ಉಳಿಸಿಕೊಟ್ಟ ಹ್ಯಾಂಡ್‌ಬ್ರೇಕ್

23ನೇ ಟೇಪಿನ 41ನೇ ನಿಮಿಷದಲ್ಲಿ ಯಕ್ಷಗಾನದ ವೇಷದಲ್ಲಿರುವ ದೊಡ್ಡಪ್ಪಯ್ಯ ಮಂಡಿ ಹಾಕುತ್ತಾರೆ. ಎರಡೂ ಮೊಣಕಾಲುಗಳ ಮೇಲೆ ಗಿರ್ರನೆ ತಿರುಗುತ್ತಾ ರಂಗಸ್ಥಳವನ್ನು ಒಂದು ಸುತ್ತು ಬರುವುದಕ್ಕೆ ಅವರಿಗೆ ಹಿಡಿದದ್ದು ಹನ್ನೊಂದು ಸೆಕೆಂಡು. ಚಂಡೆಯ ಪೆಟ್ಟು ಒಂದರ ಮೇಲೊಂದು ಬೀಳುತ್ತಿರುತ್ತದೆ, ಕಸೆ ಸೀರೆಯ ಚೌಕುಳಿ ಕಣ್ಣಿಗೆ ಬಣ್ಣದ ಗೆರೆಯಾಗಿ ಮಾತ್ರ ಕಾಣುತ್ತಿರುತ್ತದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಮಂಡಿ ಹಾಕಿದ ದೃಶ್ಯ ನಮ್ಮ ಮನೆಯಲ್ಲಿ ಉಳಿದಿರುವುದು ಇದೊಂದೇ ಟೇಪಿನಲ್ಲಿ. ಅದು ಒಡೆಯದಂತೆ ಉಳಿಸಿಕೊಳ್ಳಲು ನೆರವಾದದ್ದು ವಿಡಿಯೊ ಫೈಲುಗಳನ್ನು ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ.

ಅಪ್ಪಯ್ಯ ಕುಂದಾಪುರದ ಕಡೆ ಮದುವೆ, ಗೃಹಪ್ರವೇಶಗಳ ವಿಡಿಯೊ ತೆಗೆಯುತ್ತಿದ್ದರು. ಮಳೆಗಾಲ ಕಳೆದು ಮೇಳಗಳು ಹೊರಟವೆಂದರೆ ರಾತ್ರಿಗಳಲ್ಲಿ ಬಯಲಾಟದ ಮುಂದೆ ಸ್ಟ್ಯಾಂಡ್ ನೆಟ್ಟು ನಿಲ್ಲುತ್ತಿದ್ದರು. ಹಾಗೆ ಕೂಡಿದ್ದು 64 ಮಿನಿ ಡಿವಿ ಟೇಪುಗಳು. 2014ರಲ್ಲಿ ಅವುಗಳಲ್ಲಿ ಕೆಲವನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಡಿವಿಡಿ ಮಾಡಿಸಿದ್ದೆವು. ನಾಲ್ಕು ಗಂಟೆಯ ಆಟವನ್ನು ಒಂದೇ ತಟ್ಟೆಗೆ ತುರುಕಿದ್ದರು. 4.7 ಜಿಬಿಯಲ್ಲಿ ನಾಲ್ಕು ಗಂಟೆ ಎಂದರೆ ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್. ವೇಷಧಾರಿಗಳು ನಿಂತು ಮಾತನಾಡುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮಂಡಿ ಶುರುವಾದ ಕೂಡಲೇ ದೊಡ್ಡಪ್ಪಯ್ಯನ ಮುಖ, ಎದೆಕಟ್ಟು, ಕೈ ಎಲ್ಲವೂ ಕಲಸಿ ಹೋಗಿ ಚೌಕ ಚೌಕವಾಗಿ ಒಡೆಯುತ್ತಿದ್ದವು. ದೊಡ್ಡಮ್ಮ ಅದನ್ನು ಒಮ್ಮೆ ನೋಡಿ, ಮತ್ತೆ ಹಾಕುವುದು ಬೇಡ ಎಂದರು.

ಕಳೆದ ವರ್ಷ ಟೇಪುಗಳನ್ನೆಲ್ಲ ನಾನೇ ಫೈರ್‌ವೈರ್ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಇಳಿಸಿಕೊಂಡೆ. ಮಿನಿ ಡಿವಿ ಬಹಳ ಪ್ರಾಮಾಣಿಕವಾದ ಪದ್ಧತಿ. ಪ್ರತಿ ಫ್ರೇಮನ್ನೂ, ಅಂದರೆ ವಿಡಿಯೊದ ಒಂದೊಂದು ಚಿತ್ರವನ್ನೂ, ಅದರಷ್ಟಕ್ಕೇ ಕುಗ್ಗಿಸುತ್ತದೆ, ಹಿಂದಿನದರಿಂದ ಸಾಲ ಪಡೆಯುವುದಿಲ್ಲ. ಅದಕ್ಕಾಗಿಯೇ ಒಂದು ಗಂಟೆಯ ಟೇಪು ಸುಮಾರು 13 ಜಿಬಿ ಆಗುತ್ತದೆ. ಬಹ್ರೇನಿನಲ್ಲಿರುವ ಅಣ್ಣನಿಗೆ ಅದನ್ನು ಕಳುಹಿಸುವುದು ಸಾಧ್ಯವಿಲ್ಲ, ದೊಡ್ಡಮ್ಮನ ಟಿವಿ ಆ ಫೈಲನ್ನು ತೆರೆಯುವುದೂ ಇಲ್ಲ. ಕುಗ್ಗಿಸಲೇಬೇಕು, ಆದರೆ ಮಂಡಿ ಒಡೆಯಬಾರದು. ಹ್ಯಾಂಡ್‌ಬ್ರೇಕ್ ನನ್ನ ಕೈಗೆ ಬಂದದ್ದು ಹೀಗೆ.

ಹ್ಯಾಂಡ್‌ಬ್ರೇಕ್ ಹಣ ಕೊಡಬೇಕಿಲ್ಲದ, ಮೂಲ ಸಂಕೇತವೂ ಮುಕ್ತವಾಗಿರುವ ತಂತ್ರಾಂಶ. 2003ರಲ್ಲಿ ಎರಿಕ್ ಪೆಟಿ ಎಂಬವರು ಬಿಓಎಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗಾಗಿ ಶುರು ಮಾಡಿದ್ದು. ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದು ಕೆಲಸವನ್ನು ಒಪ್ಪಿಸಿಕೊಡುವ ಮೇಸ್ತ್ರಿ ಇದ್ದಂತೆ, ಒಳಗೆ ದುಡಿಯುವವರು ಬೇರೆ. ನಾನು ಹೆಚ್ಚು ನೆಚ್ಚಿಕೊಂಡದ್ದು ಎಕ್ಸ್264 ಎಂಬ ಎನ್‌ಕೋಡರನ್ನು. 2003ರಲ್ಲಿ ಬಂದ ಎಚ್.264 ಮಾನದಂಡಕ್ಕೆ ತಕ್ಕಂತೆ ವಿಡಿಯೊವನ್ನು ಕುಗ್ಗಿಸುವುದು ಅದರ ಕೆಲಸ.

ಅದು ಮಾಡುವುದೇನು ಎಂಬುದು ತಿಳಿದ ಮೇಲೆಯೇ ನನಗೆ ಆಯ್ಕೆಗಳ ಅರ್ಥವಾದದ್ದು. ಫ್ರೇಮನ್ನು ಅಡ್ಡ 16, ಉದ್ದ 16 ಬಿಂದುಗಳ ಚೌಕಗಳಾಗಿ ಹೋಳು ಮಾಡುತ್ತದೆ. ನಮ್ಮ ಟೇಪಿನ ಅಡ್ಡ 720, ಉದ್ದ 576 ಬಿಂದುಗಳ ಚಿತ್ರದಲ್ಲಿ ಅಂತಹ 1620 ಚೌಕಗಳಿವೆ. ಪ್ರತಿಯೊಂದು ಚೌಕಕ್ಕೂ ಬೇರೊಂದು ಫ್ರೇಮಿನಲ್ಲಿ ಹೆಚ್ಚು ಹೋಲುವ ತುಂಡು ಎಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕಿತೆಂದರೆ ಚಿತ್ರವನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ‘ಅಲ್ಲಿಂದ ಎಂಟು ಬಿಂದು ಎಡಕ್ಕೆ, ಮೂರು ಕೆಳಕ್ಕೆ’ ಎಂದು ಬರೆದು, ಉಳಿದ ಚೂರು ವ್ಯತ್ಯಾಸವನ್ನು ಸೇರಿಸಿದರೆ ಮುಗಿಯಿತು. ಸುತ್ತಲೂ 16 ಬಿಂದುಗಳವರೆಗೆ ಒಂದೂ ಜಾಗ ಬಿಡದೆ ಹುಡುಕುವುದಾದರೆ ಒಂದು ಚೌಕಕ್ಕೆ 1089 ಜಾಗಗಳನ್ನು ನೋಡಬೇಕು. ಒಂದು ಫ್ರೇಮಿಗೆ ಹದಿನೇಳೂವರೆ ಲಕ್ಷಕ್ಕೂ ಹೆಚ್ಚು ಹೋಲಿಕೆಗಳು. ಅದಕ್ಕೆ ಕಂಪ್ಯೂಟರು ಬಳಲಿ ಹೋಗುತ್ತದೆಂದು ಒಳದಾರಿಗಳನ್ನು ಮಾಡಿಕೊಂಡಿದ್ದಾರೆ. ನೆರೆಯ ಚೌಕಗಳು ಯಾವ ಕಡೆಗೆ ಹೋದವು ಎಂಬುದನ್ನು ನೋಡಿ ಮೊದಲು ಊಹೆ ಮಾಡುತ್ತದೆ, ಆಮೇಲೆ ಆ ಜಾಗದ ಸುತ್ತ ಷಟ್ಕೋನದ ಆರು ಮೂಲೆಗಳಲ್ಲಿ ಮಾತ್ರ ಇಣುಕಿ, ಒಳ್ಳೆಯದು ಕಂಡ ಕಡೆಗೆ ಸರಿಯುತ್ತದೆ.

ಭಾಗವತರು ಕುಳಿತು ಹಾಡುವಾಗ ಆ ಆರು ಮೂಲೆ ಧಾರಾಳ ಸಾಕು. ಮಂಡಿಗೆ ಸಾಲುವುದಿಲ್ಲ. ವೇಷದ ಎಡಭಾಗ ನಮ್ಮ ಕಡೆಗೆ ಬರುತ್ತಿರುವಾಗ ಬಲಭಾಗ ಹಿಂದಕ್ಕೆ ಹೋಗುತ್ತಿರುತ್ತದೆ. ನೆರೆಯವರನ್ನು ನೋಡಿ ಮಾಡಿದ ಊಹೆ ಅರೆಕ್ಷಣದಲ್ಲಿ ಸುಳ್ಳಾಗುತ್ತದೆ. ಅದರ ಮೇಲೆ ಕಸೆ ಸೀರೆಯ ಚೌಕುಳಿ ಬೇರೆ. ಒಂದು ಮನೆಯಂತೆಯೇ ಪಕ್ಕದ ಮನೆ, ಅದರಂತೆಯೇ ಮತ್ತೊಂದು. ಅವಸರದ ಹುಡುಕಾಟ ತಪ್ಪು ಮನೆಯನ್ನು ಹಿಡಿದು ಇದೇ ಎಂದು ನಿಂತು ಬಿಡುತ್ತದೆ. ತಿರುಗುವುದನ್ನು ಎಚ್.264 ತಿರುಗುವುದೆಂದು ಅರಿಯುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಸರಿಯುವುದು ಮಾತ್ರ. ಚೌಕವನ್ನು ಅಡ್ಡ 4, ಉದ್ದ 4 ಬಿಂದುಗಳ ಚೂರಿನವರೆಗೂ ಒಡೆದು, ಒಂದೊಂದು ಚೂರನ್ನೂ ಬೇರೆ ಬೇರೆ ದಿಕ್ಕಿಗೆ ಸರಿಸಿ, ತಿರುಗಿದಂತೆ ಜೋಡಿಸಬೇಕು.

ಆದ್ದರಿಂದ ವೇಗದ ಆಯ್ಕೆಯಲ್ಲಿ ನಾನು ‘ಮೀಡಿಯಂ’ ಬಿಟ್ಟು ‘ವೆರಿ ಸ್ಲೋ’ಗೆ ಹೋದೆ. ಅಲ್ಲಿ ಹುಡುಕಾಟ ಸಣ್ಣ ಷಟ್ಕೋನಕ್ಕೆ ನಿಲ್ಲದೆ ಉಂಗುರ ಉಂಗುರವಾಗಿ ಹೊರಗೆ ಹರಡುತ್ತದೆ, ವ್ಯಾಪ್ತಿ 16ರಿಂದ 24ಕ್ಕೆ ಏರುತ್ತದೆ, ಹಿಂದಿನ ಒಂದೆರಡಲ್ಲ, ಹದಿನಾರು ಫ್ರೇಮುಗಳವರೆಗೆ ಕೆದಕಿ ನೋಡುತ್ತದೆ. ಈ ಕೊನೆಯದರ ಬೆಲೆ ನನಗೆ ತಿಳಿದದ್ದು ತೆರೆಯ ಒಡ್ಡೋಲಗದಲ್ಲಿ, ಅಂದರೆ ಅಡ್ಡ ಹಿಡಿದ ಪರದೆಯ ಹಿಂದಿನಿಂದ ವೇಷ ಪ್ರವೇಶಿಸುವಾಗ. ಬಣ್ಣದ ವೇಷದ ಕಿರೀಟ ತೆರೆಯ ಮೇಲೆ ಒಮ್ಮೆ ಕಾಣಿಸಿ ಮರೆಯಾಗಿ ಮತ್ತೆ ಕಾಣಿಸುತ್ತದೆ. ಹಿಂದಿನ ಫ್ರೇಮಿನಲ್ಲಿ ಬರೀ ತೆರೆ ಇದ್ದರೂ ಹತ್ತು ಫ್ರೇಮಿನ ಹಿಂದೆ ಕಿರೀಟ ಇತ್ತಲ್ಲ, ಅಲ್ಲಿಂದ ತಂದುಕೊಳ್ಳುತ್ತದೆ. ದೊಂದಿಗೆ ರಾಳ ಎರಚಿದಾಗ ಇಡೀ ರಂಗಸ್ಥಳ ಭಗ್ಗೆಂದು ಬೆಳಗುವುದನ್ನೂ ಅದು ಚೆನ್ನಾಗಿ ನಿಭಾಯಿಸುತ್ತದೆ. ‘ಅದೇ ಚಿತ್ರ, ಬೆಳಕು ಮಾತ್ರ ಇಷ್ಟು ಹೆಚ್ಚು’ ಎಂದು ತೂಕ ಹಾಕಿ ಊಹಿಸುವ ಉಪಾಯ ಅದರಲ್ಲಿದೆ. ಡಿವಿಡಿಯಲ್ಲಿ ಆ ಕ್ಷಣ ಕೆಂಪು ಕೆಸರಾಗಿತ್ತು. ಈಗ ಬೆಂಕಿಯ ಹಿಂದೆ ವೇಷದ ಕಣ್ಣು ಕಾಣುತ್ತದೆ.

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಟೇಪಿಗೆ ಎರಡು ಗಂಟೆಗೂ ಹೆಚ್ಚು ಬೇಕು. ರಾತ್ರಿ ಮಲಗುವಾಗ ನಾಲ್ಕು ಟೇಪುಗಳನ್ನು ಸಾಲಿಗೆ ಹಚ್ಚುತ್ತೇನೆ, ಬೆಳಗ್ಗೆ ಎದ್ದಾಗ ಮುಗಿದಿರುತ್ತದೆ. ಅಪ್ಪಯ್ಯ ರಾತ್ರಿಯಿಡೀ ನಿಂತು ತೆಗೆದದ್ದನ್ನು ಕುಗ್ಗಿಸಲು ಕಂಪ್ಯೂಟರು ಒಂದು ರಾತ್ರಿ ಕೂತರೆ ಅದು ಹೆಚ್ಚಲ್ಲ ಎನ್ನುವುದು ನನ್ನ ಭಾವನೆ.

ಹಳೆಯ ಟೇಪು ಇರುವವರು ತಪ್ಪದೆ ಗಮನಿಸಬೇಕಾದ ಒಂದು ವಿಷಯವಿದೆ. ನಮ್ಮ ಕಡೆಯ ಮಿನಿ ಡಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್ ಎಂದು ಬರೆದಿದ್ದರೂ ಒಳಗಿರುವುದು 50 ಅರ್ಧಚಿತ್ರಗಳು, ಒಂದೊಂದೂ ಬೇರೆ ಬೇರೆ ಕ್ಷಣದ್ದು. ಹ್ಯಾಂಡ್‌ಬ್ರೇಕಿನ ‘ಫಾಸ್ಟ್ 576ಪಿ25’ ಎಂಬ ಸಿದ್ಧ ಆಯ್ಕೆಯನ್ನು ಹಾಗೆಯೇ ಒತ್ತಿದರೆ ಅವನ್ನು 25ಕ್ಕೆ ಇಳಿಸುತ್ತದೆ. ಮೊದಲ ಸಲ ನಾನೂ ಹಾಗೆಯೇ ಮಾಡಿದೆ. ಚಿತ್ರ ಚೊಕ್ಕಟವಾಗಿತ್ತು, ಆದರೆ ಮಂಡಿಯ ಓಟ ತಡೆತಡೆದು ಬಂದಂತೆ ಅನ್ನಿಸಿತು. ಟೇಪಿನಲ್ಲಿ ನೋಡಿದ ಹರಿವು ಅದರಲ್ಲಿರಲಿಲ್ಲ. ಫಿಲ್ಟರ್ ಪುಟದಲ್ಲಿ ಡಿಇಂಟರ್‌ಲೇಸ್ ಎಂಬಲ್ಲಿ, ಒಂದೊಂದು ಅರ್ಧಚಿತ್ರವನ್ನೂ ಪೂರ್ಣ ಚಿತ್ರವಾಗಿಸುವ ‘ಬಾಬ್’ ಆರಿಸಿ, ವಿಡಿಯೊ ಪುಟದಲ್ಲಿ ಫ್ರೇಮ್ ದರವನ್ನು 50 ಮಾಡಿ. ಎರಡನ್ನೂ ಬದಲಿಸಬೇಕು, ಒಂದನ್ನೇ ಮಾಡಿದರೆ ಪ್ರಯೋಜನವಿಲ್ಲ. ಹೀಗೆ ಮಾಡಿದಾಗ ಅಕ್ಕಪಕ್ಕದ ಎರಡು ಚಿತ್ರಗಳ ನಡುವೆ ವೇಷ ಸರಿಯುವ ದೂರವೂ ಅರ್ಧವಾಗುತ್ತದೆ, ಹುಡುಕಾಟವೂ ಹಗುರವಾಗುತ್ತದೆ. ಫ್ರೇಮುಗಳು ದುಪ್ಪಟ್ಟಾದರೂ ಫೈಲು ದುಪ್ಪಟ್ಟಾಗದಿರಲು ಇದೇ ಕಾರಣವೆಂದು ನನಗೆ ತೋರುತ್ತದೆ.

ಗುಣಮಟ್ಟದ ಅಂಕಿಯನ್ನು 18ರಲ್ಲಿ ಇಟ್ಟಿದ್ದೇನೆ. ಅಂಕಿ ಇಳಿದಷ್ಟೂ ಚಿತ್ರ ಉತ್ತಮ, ಫೈಲು ದೊಡ್ಡದು. 13 ಜಿಬಿಯ ಟೇಪು ಎರಡು ಜಿಬಿಯ ಆಸುಪಾಸಿಗೆ ಬರುತ್ತದೆ. ಇನ್ನೂ ಚಿಕ್ಕದು ಮಾಡಬಹುದಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದ ಚಿತ್ರದ ತುಂಬ ಮರಳಿನಂತಹ ಕಾಳು ಇದೆ. ಕಾಳು ಪ್ರತಿ ಫ್ರೇಮಿನಲ್ಲೂ ಹೊಸದಾದ್ದರಿಂದ ಅದಕ್ಕೆ ಜೋಡಿ ಎಲ್ಲೂ ಸಿಗುವುದಿಲ್ಲ, ಬಿಟ್‌ಗಳೆಲ್ಲ ಅದಕ್ಕೇ ಖರ್ಚಾಗುತ್ತವೆ. ಕಾಳು ಅಳಿಸುವ ಫಿಲ್ಟರನ್ನು ಜೋರಾಗಿ ಹಾಕಿ ನೋಡಿದೆ. ಬಣ್ಣದ ವೇಷದ ಮುಖದ ಮೇಲಿನ ಚಿಟ್ಟಿಯೂ ಕಾಳಿನೊಂದಿಗೆ ನಯವಾಗಿ ಅಳಿಸಿ ಹೋಯಿತು. ಗಂಟೆಗಟ್ಟಲೆ ಕುಳಿತು ಅಕ್ಕಿಹಿಟ್ಟಿನಲ್ಲಿ ಒಂದೊಂದಾಗಿ ಇಟ್ಟ ಚಿಟ್ಟಿ ಅದು. ಫಿಲ್ಟರನ್ನು ಅತ್ಯಂತ ಹಗುರಕ್ಕೆ ಇಳಿಸಿದೆ. ಧ್ವನಿಯನ್ನು ಫ್ಲ್ಯಾಕ್‌ನಲ್ಲಿ, ನಷ್ಟವಿಲ್ಲದಂತೆ ಇಡುತ್ತೇನೆ. ಚಂಡೆಯ ಪೆಟ್ಟು ಮೊಂಡಾಗಬಾರದು.

ಹಾಗಾದರೆ ವೇಷವನ್ನು ಮಾತ್ರ ಹಿನ್ನೆಲೆಯಿಂದ ಬಿಡಿಸಿ, ಅದಕ್ಕೇ ಹೆಚ್ಚು ಬಿಟ್ ಕೊಟ್ಟು, ಹಿಂದಿನ ಪರದೆಗೆ ಕಡಿಮೆ ಕೊಡಬಹುದಲ್ಲವೆ? ಈ ಯೋಚನೆ ಹೊಸದಲ್ಲ. 1999ರ ಎಂಪೆಗ್-4 ಮಾನದಂಡದಲ್ಲಿಯೇ ದೃಶ್ಯವನ್ನು ವಸ್ತುಗಳಾಗಿ ಬೇರ್ಪಡಿಸಿ, ಒಂದೊಂದರ ಆಕಾರವನ್ನೂ ಚಲನೆಯನ್ನೂ ಬೇರೆಯಾಗಿ ಬರೆಯುವ ಏರ್ಪಾಡು ಇತ್ತು. ಹಿನ್ನೆಲೆಯನ್ನು ಒಮ್ಮೆ ಕಳುಹಿಸಿ, ಅದರ ಮೇಲೆ ನರ್ತಕನನ್ನು ಮಾತ್ರ ಓಡಿಸಬಹುದು. ಆದರೆ ಬೇರ್ಪಡಿಸುವುದು ಹೇಗೆಂದು ಮಾನದಂಡ ಹೇಳಲಿಲ್ಲ, ಆ ಹೊರೆಯನ್ನು ಎನ್‌ಕೋಡರಿಗೆ ಬಿಟ್ಟಿತು. ಬಳಕೆಗೆ ಬಂದದ್ದು ಅದೇ ಮಾನದಂಡದ ಆಯತಾಕಾರದ, ಚೌಕಗಳ ಮಾದರಿ ಮಾತ್ರ. ಡಿವ್ಎಕ್ಸ್, ಎಕ್ಸ್‌ವಿಡ್ ಎಂದು ಆ ಕಾಲದಲ್ಲಿ ಕೈಯಿಂದ ಕೈಗೆ ಓಡಾಡಿದ ಫೈಲುಗಳು ಆ ಬಗೆಯವು.

ಇಂದು ಬೇರ್ಪಡಿಸುವ ತಂತ್ರಾಂಶಗಳು ಬಹಳ ಮುಂದುವರಿದಿವೆ. ಅಂತಹ ಒಂದರಿಂದ 23ನೇ ಟೇಪಿನ ಐದು ನಿಮಿಷವನ್ನು ಬಿಡಿಸಿ, ಹಿನ್ನೆಲೆಯನ್ನು ಮಾತ್ರ ನಯಗೊಳಿಸಿ, ಹ್ಯಾಂಡ್‌ಬ್ರೇಕಿಗೆ ಕೊಟ್ಟೆ. ಫೈಲು ಚಿಕ್ಕದಾಯಿತು ನಿಜ. ನಿಂತ ವೇಷದ ಅಂಚು ಕತ್ತರಿಸಿದಷ್ಟು ಚೊಕ್ಕಟವಾಗಿತ್ತು. ಮಂಡಿಯಲ್ಲಿ ಸೀರೆಯ ಸೆರಗೂ ಕಾಲಿನ ಗೆಜ್ಜೆಯೂ ಹಿನ್ನೆಲೆಯ ಪಾಲಾದವು. ಇನ್ನೊಂದು ಕಡೆ ಎರಡು ವೇಷಗಳು ಅಡ್ಡಹಾಯ್ದಾಗ ಕರ್ಣನ ಗುರುತು ಅರ್ಜುನನಿಗೆ ಅಂಟಿಕೊಂಡು ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿಗೆ ಹಿಡಿಸದಿದ್ದದ್ದು ಹಿಂದಿನ ಸಾಲಿಗೆ ಆದ ಗತಿ. ದೊಡ್ಡಪ್ಪಯ್ಯನ ಕಾಲನ್ನೇ ನೋಡುತ್ತಾ ಕೈ ಆಡಿಸುತ್ತಿದ್ದ ಮದ್ದಳೆಗಾರರ ಮುಖ ಮಸುಕಾಗಿತ್ತು. ಅವರಿಲ್ಲದೆ ಆ ಮಂಡಿ ಇಲ್ಲ. ಯಕ್ಷಗಾನದಲ್ಲಿ ಹಿಮ್ಮೇಳವನ್ನು ಹಿನ್ನೆಲೆ ಎಂದು ಎಣಿಸುವುದೇ ತಪ್ಪು.

ಎಕ್ಸ್264 ಯಾವುದನ್ನೂ ವಸ್ತುವೆಂದು ಗುರುತಿಸುವುದಿಲ್ಲ. ಬದಲಿಗೆ ‘ಎಂಬಿಟ್ರೀ’ ಎಂಬ ಲೆಕ್ಕಾಚಾರ ಇಟ್ಟುಕೊಂಡಿದೆ. ಮುಂದಿನ ಹಲವು ಫ್ರೇಮುಗಳನ್ನು ಮೊದಲೇ ನೋಡಿ, ಯಾವ ಚೌಕ ಮುಂದೆ ಹೆಚ್ಚು ಕಾಲ ಸಾಲ ಕೊಡುತ್ತದೆಯೋ ಅದಕ್ಕೆ ಹೆಚ್ಚು ಬಿಟ್ ಕೊಡುತ್ತದೆ. ಬಹುತೇಕ ವಿಡಿಯೊಗಳಿಗೆ ಇದು ಬಹಳ ಒಳ್ಳೆಯ ಉಪಾಯ. ಆದರೆ ಇದರ ಪ್ರಕಾರ ಅಲ್ಲಾಡದ ಪರದೆ ಶ್ರೀಮಂತ, ಕ್ಷಣಕ್ಕೊಮ್ಮೆ ಬದಲಾಗುವ ಮಂಡಿ ಬಡವ. ಯಾರಿಗೂ ಸಾಲ ಕೊಡದೆ ಒಮ್ಮೆ ಮಾತ್ರ ಬಂದು ಹೋಗುವ ಚೌಕಗಳು ಅವು. ನಾನು ಕಾಯಬೇಕಾದದ್ದು ಅವನ್ನೇ. ಹ್ಯಾಂಡ್‌ಬ್ರೇಕಿನಲ್ಲಿ ಹೆಚ್ಚುವರಿ ಆಯ್ಕೆಗಳನ್ನು ಬರೆಯುವ ಪೆಟ್ಟಿಗೆಯೊಂದಿದೆ. ಅಲ್ಲಿ ಎಂಬಿಟ್ರೀಯನ್ನು ಸೊನ್ನೆ ಮಾಡಿದೆ, ಹುಡುಕಾಟದ ವ್ಯಾಪ್ತಿಯನ್ನು 32ಕ್ಕೆ ಏರಿಸಿದೆ. ಫೈಲು ಬೆಳೆಯಿತು, ಹನ್ನೊಂದು ಸೆಕೆಂಡುಗಳಲ್ಲಿ ಕಣ್ಣು ರೆಪ್ಪೆ ಉಳಿದವು. ಯುದ್ಧದ ಕುಣಿತ ಹೆಚ್ಚಿರುವ ಟೇಪುಗಳಿಗೆ ಈಗ ಹೀಗೆಯೇ ಮಾಡುತ್ತೇನೆ, ಮಾತುಗಾರಿಕೆಯ ಟೇಪುಗಳಿಗೆ ಅದರ ಪಾಡಿಗೆ ಬಿಡುತ್ತೇನೆ.

ಹೊಸ ಎನ್‌ಕೋಡರುಗಳೂ ಹ್ಯಾಂಡ್‌ಬ್ರೇಕಿನಲ್ಲಿವೆ. 2013ರ ಎಚ್.265ರಲ್ಲಿ ಚೌಕ 64ರವರೆಗೆ ಬೆಳೆಯುತ್ತದೆ, 2018ರ ಎವಿ1 ತಿರುಗುವುದನ್ನೂ ಓರೆಯಾಗುವುದನ್ನೂ ಸ್ವಲ್ಪಮಟ್ಟಿಗೆ ಅರಿಯಬಲ್ಲದು. ದೊಡ್ಡಮ್ಮನ ಟಿವಿ ಇವೆರಡನ್ನೂ ತೆರೆಯಲಿಲ್ಲ, ನನ್ನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ಯಾರಿಗೆ ಇದು ಬೇಡ ಎಂದೂ ಹೇಳಬೇಕು. ಟೇಪಿನಿಂದ ಇಳಿಸುವ ಕೆಲಸ ಹ್ಯಾಂಡ್‌ಬ್ರೇಕಿನದಲ್ಲ, ಅದಕ್ಕೆ ಬೇರೆ ತಂತ್ರಾಂಶ ಬೇಕು. ತುಂಡುಗಳನ್ನು ಕತ್ತರಿಸಿ ಜೋಡಿಸುವುದೂ ಆಗುವುದಿಲ್ಲ. ವಿಡಿಯೊವನ್ನು ಇದ್ದಂತೆಯೇ ದಾಟಿಸದೆ ಪ್ರತಿ ಸಲವೂ ಹೊಸದಾಗಿಯೇ ಕುಗ್ಗಿಸುತ್ತದೆ. ಮೊಬೈಲಿನಲ್ಲಿ ತೆಗೆದ ಎರಡು ನಿಮಿಷವನ್ನು ಯಾರಿಗೋ ಕಳುಹಿಸಲು ಇಷ್ಟೆಲ್ಲ ಬೇಕಿಲ್ಲ. ಮನೆಯ ಕಪಾಟಿನಲ್ಲಿ ಟೇಪಿಟ್ಟುಕೊಂಡವರು, ಅದರಲ್ಲೂ ಕುಣಿತ ಇರುವವರು, ಅಂಗಡಿಗೆ ಕೊಡುವ ಮೊದಲು ಒಂದು ವಾರ ಇದರೊಡನೆ ಕುಳಿತು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮನಿಗೆ ತೋರಿಸಿದೆ. ಹನ್ನೊಂದು ಸೆಕೆಂಡು ಮುಗಿದ ಮೇಲೆ, ‘ಎಡಗೈಯ ಕಟ್ಟು ಸಡಿಲ ಇದೆ, ಅವತ್ತು ಕಟ್ಟಿದ್ದು ಯಾರು?’ ಎಂದು ಕೇಳಿದರು. ಮತ್ತೊಮ್ಮೆ ಹಾಕಲು ಹೇಳಿದರು. ನಿಲ್ಲಿಸಿ ನೋಡಿದಾಗ ಭುಜದ ಕೆಳಗೆ ದಾರ ಬಿಚ್ಚಿ ಹಾರುತ್ತಿದ್ದುದು ನನಗೂ ಕಂಡಿತು. ಮೂಲ ಡಿವಿ ಫೈಲುಗಳನ್ನು ನಾನು ಅಳಿಸಿಲ್ಲ. 64 ಟೇಪಿಗೆ 830 ಜಿಬಿ ಚಿಲ್ಲರೆ, ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಹಿಡಿಯುತ್ತದೆ. ಅಂತಹ ಎರಡು ಡಿಸ್ಕುಗಳಲ್ಲಿ ಒಂದು ನನ್ನ ಬಳಿ ಇದೆ, ಇನ್ನೊಂದನ್ನು ದೊಡ್ಡಮ್ಮನ ಗೋದ್ರೆಜ್ ಕಪಾಟಿನಲ್ಲಿ ದೊಡ್ಡಪ್ಪಯ್ಯನ ಗೆಜ್ಜೆಯ ಪಕ್ಕ ಇಟ್ಟು ಬಂದಿದ್ದೇನೆ.