ನಾಲ್ಕು ನಂಬರು ಬಂದ್, ಒಂದು ಚಾಲೂ: ಮುಂಬಯಿಯಲ್ಲಿ ಕಾಣೆಯಾದವರನ್ನು ಹುಡುಕುವ ಸೇವೆಗಳ ವಿಮರ್ಶೆ

ಅಂಧೇರಿಯ ಡಿ.ಎನ್. ನಗರ ಠಾಣೆಯಲ್ಲಿ ಎಎಸ್‌ಐ ಆಗಿದ್ದ ರಾಜೇಂದ್ರ ಭೋಸಲೆ ಅವರ ಪಟ್ಟಿಯಲ್ಲಿ 166 ಹೆಣ್ಣುಮಕ್ಕಳ ಹೆಸರಿತ್ತು. ಎಲ್ಲರೂ 2008ರಿಂದ 2015ರ ನಡುವೆ ಕಾಣೆಯಾದವರು. 165 ಮಂದಿ ಸಿಕ್ಕರು. ಬಾಕಿ ಉಳಿದವಳು 2013ರ ಜನವರಿ 22ರಂದು ಶಾಲೆಯ ದಾರಿಯಲ್ಲಿ ಕಾಣೆಯಾದ ಏಳು ವರ್ಷದ ಹುಡುಗಿ. ಅವಳು ಸಿಕ್ಕಿದ್ದು 2022ರ ಆಗಸ್ಟಿನಲ್ಲಿ, ಮನೆಯಿಂದ ಸುಮಾರು ಅರ್ಧ ಕಿಲೋಮೀಟರು ದೂರದಲ್ಲಿ. ನಡುವೆ ಅವಳನ್ನು ಗೋವಾಕ್ಕೆ, ಕರ್ನಾಟಕಕ್ಕೆ ಕೊಂಡೊಯ್ದು ಮತ್ತೆ ಮುಂಬಯಿಗೇ ತಂದಿದ್ದರು. ಪಕ್ಕದಲ್ಲಿ ಮನೆಗೆಲಸ ಮಾಡುತ್ತಿದ್ದ ಹೆಂಗಸೊಬ್ಬರು ನೆಟ್‌ನಲ್ಲಿ ಹುಡುಕಿದಾಗ ಹಳೆಯ ಪೋಸ್ಟರು ಸಿಕ್ಕಿತು. ಅದರಲ್ಲಿದ್ದ ಐದು ಫೋನ್ ನಂಬರುಗಳಲ್ಲಿ ನಾಲ್ಕು ಬಂದ್ ಆಗಿದ್ದವು. ಐದನೆಯದು ನೆರೆಮನೆಯವರದು; ಅದು ಹತ್ತಿತು.

ಈ ವಿಮರ್ಶೆಗೆ ಅಳತೆಗೋಲು ಆ ಐದನೇ ನಂಬರು. ಮುಂಬಯಿಯ ಕನ್ನಡಿಗರ ಮನೆಯಲ್ಲಿ ಯಾರಾದರೂ ಕಾಣೆಯಾದರೆ ಮೊದಲ ಎರಡು ದಿನದಲ್ಲೇ ಹಲವು ಬಗೆಯ ‘ಸೇವೆ’ಗಳು ಎದುರಾಗುತ್ತವೆ: ಠಾಣೆಯ ಮಿಸಿಂಗ್ ಟೇಬಲ್, ಸರ್ಕಾರಿ ಪೋರ್ಟಲ್, ಖಾಸಗಿ ಪತ್ತೇದಾರರು, ಜಾತಿ ಸಂಘದ ವಾಟ್ಸಾಪ್ ಗುಂಪು. ಪ್ರಕರಣ ಹಳತಾದಂತೆ ಹೆಚ್ಚುವವರು ಹವ್ಯಾಸಿ ಪತ್ತೇದಾರರು. ಯಾರ ಥಿಯರಿ ಚೆನ್ನಾಗಿದೆ ಅನ್ನುವುದನ್ನು ಇಲ್ಲಿ ನೋಡಿಲ್ಲ. ಯಾರ ಕೆಲಸ ಎರಡು ದಾಖಲೆಗಳನ್ನು ಒಂದಕ್ಕೊಂದು ತಾಳೆ ಹಾಕುತ್ತದೆ ಅನ್ನುವುದನ್ನಷ್ಟೇ ನೋಡಿದೆ.

ಠಾಣೆಯ ಮಿಸಿಂಗ್ ಟೇಬಲ್‌ಗೆ 5ಕ್ಕೆ 3.5 ಅಂಕ. ಇಪ್ಪತ್ನಾಲ್ಕು ಗಂಟೆ ಕಾಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಹಾಗೆ ಹೇಳಿದರೆ ಒಪ್ಪಿ ವಾಪಸ್ ಬರಬೇಡಿ. 18 ವರ್ಷದೊಳಗಿನವರಾದರೆ ‘ಮಿಸಿಂಗ್ ನೋಂದ್’, ಅಂದರೆ ಕಾಣೆಯಾದವರ ಪುಸ್ತಕದಲ್ಲಿ ಬರೆದುಕೊಳ್ಳುವುದು ಮಾತ್ರ ಸಾಲದು, ಎಫ್‌ಐಆರ್ ಆಗಲೇಬೇಕು. ಸುಪ್ರೀಂ ಕೋರ್ಟು 2013ರ ಮೇ ತಿಂಗಳ ಬಚಪನ್ ಬಚಾವೋ ಆಂದೋಲನ್ ಆದೇಶದಲ್ಲೇ ಇದನ್ನು ಹೇಳಿದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನಡಿ ದಾಖಲಾಗುತ್ತದೆ. ಸರಹದ್ದು ನಮ್ಮದಲ್ಲ ಎಂದರೆ ಜೀರೋ ಎಫ್‌ಐಆರ್, ಅಂದರೆ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಎಫ್‌ಐಆರ್ ಕೇಳಿ. ಹೋಗುವಾಗ ಮೂರು ಫೋಟೊ ಇರಲಿ: ಒಂದು ಮುಖ, ಒಂದು ಪೂರ್ತಿ ದೇಹ, ಒಂದು ನಗುವಾಗಿನದು. ಹಲ್ಲಿನ ಸಾಲು ಗುರುತಿಗೆ ಬರುತ್ತದೆ, ಸ್ಟುಡಿಯೊದಲ್ಲಿ ತಿದ್ದಿದ ಪಾಸ್‌ಪೋರ್ಟ್ ಫೋಟೊ ಬರುವುದಿಲ್ಲ. ಎತ್ತರ ಸೆಂಟಿಮೀಟರಿನಲ್ಲಿ, ಚಪ್ಪಲಿಯ ಸೈಜು, ಹಳೆಯ ಗಾಯ, ಹಚ್ಚೆ, ದಿನವೂ ನುಂಗುವ ಮಾತ್ರೆಯ ಹೆಸರು, ಫೋನಿನ ಐಎಂಇಐ ನಂಬರು (ಪ್ರತಿ ಫೋನಿಗೂ ಇರುವ ಗುರುತು ಸಂಖ್ಯೆ), ಎಲ್ಲ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಫೋನಿನ ಡಬ್ಬಿ ಮನೆಯಲ್ಲಿದ್ದರೆ ಐಎಂಇಐ ಅದರ ಮೇಲೇ ಇರುತ್ತದೆ. ವಾಪಸ್ ಬರುವಾಗ ಕೈಯಲ್ಲಿ ಎರಡು ಇರಬೇಕು: ಮಿಸಿಂಗ್ ರಜಿಸ್ಟರ್ ನಂಬರು ಮತ್ತು ತನಿಖಾಧಿಕಾರಿಯ ಮೊಬೈಲ್ ನಂಬರು.

ಒಂದೂವರೆ ಅಂಕ ಕಳೆದದ್ದು ಸರಹದ್ದಿನ ಕಾರಣಕ್ಕೆ. ಮುಲುಂಡ್‌ನಿಂದ ಲೋಕಲ್ ಹತ್ತಿದವರು ಮುಕ್ಕಾಲು ಗಂಟೆಯೊಳಗೆ ಮುಂಬಯಿ, ಥಾಣೆ ಎರಡೂ ಕಮಿಷನರೇಟ್ ದಾಟಿರುತ್ತಾರೆ. ಹಳಿಯ ಮೇಲೆ ಏನಾದರೂ ಆದರೆ ಅದು ಈ ಎರಡಕ್ಕೂ ಸೇರದ ರೈಲ್ವೆ ಪೊಲೀಸರದು. ಗುರುತಿಲ್ಲದ ಶವ ಅಲ್ಲಿ ಎಡಿಆರ್, ಅಂದರೆ ಆಕಸ್ಮಿಕ ಮರಣದ ಪುಸ್ತಕದಲ್ಲಿ ದಾಖಲಾಗುತ್ತದೆ. ಮಿಸಿಂಗ್ ರಜಿಸ್ಟರು ಒಂದು ಕಟ್ಟಡದಲ್ಲಿ, ಎಡಿಆರ್ ಪುಸ್ತಕ ಇನ್ನೊಂದರಲ್ಲಿ. ವರ್ಷಗಟ್ಟಲೆ ‘ನಿಗೂಢ’ವಾಗಿ ಉಳಿಯುವ ಪ್ರಕರಣಗಳಲ್ಲಿ ಎಷ್ಟೋ ಸಲ ಇರುವ ನಿಗೂಢ ಇಷ್ಟೇ: ಎರಡು ಪುಸ್ತಕಗಳನ್ನು ಯಾರೂ ಅಕ್ಕಪಕ್ಕ ಇಟ್ಟಿಲ್ಲ. ಆದ್ದರಿಂದ ಮೊದಲ ವಾರವೇ ಫೋಟೊ ಹಿಡಿದು ದಾದರ್, ಕುರ್ಲಾ, ಥಾಣೆ, ಕಲ್ಯಾಣ, ಬೊರಿವಲಿ, ವಸಯಿ ರೈಲ್ವೆ ಠಾಣೆಗಳಿಗೆ ಖುದ್ದಾಗಿ ಹೋಗಬೇಕು. ಜೆಜೆ, ಕೆಇಎಂ, ಸಾಯನ್, ರಾಜಾವಾಡಿ, ಕೂಪರ್ ಆಸ್ಪತ್ರೆಗಳಲ್ಲಿ ಶವಾಗಾರ ಮಾತ್ರವಲ್ಲ, ಹೆಸರು ಗೊತ್ತಿಲ್ಲದೆ ದಾಖಲಾದ ರೋಗಿಗಳ ಪಟ್ಟಿಯನ್ನೂ ಕೇಳಬೇಕು. ಮನಸ್ಸಿಗೆ ಕಷ್ಟದ ಕೆಲಸ. ಮನೆಯವರೇ ಹೋಗಬೇಕೆಂದಿಲ್ಲ, ಗುರುತು ಬಲ್ಲ ನೆಂಟರು ಸಾಕು. ಶವಾಗಾರದಲ್ಲಿ ಜಾಗ ಕಡಿಮೆ. ಗುರುತು ಸಿಗದವರ ಅಂತ್ಯಸಂಸ್ಕಾರ ಪೊಲೀಸರೇ ಮಾಡಿಸಿದ ಮೇಲೆ ಉಳಿಯುವುದು ಫೋಟೊ, ಬಟ್ಟೆ ಮತ್ತು ತೆಗೆದಿಟ್ಟಿದ್ದರೆ ಡಿಎನ್‌ಎ ಮಾದರಿ. ಹೆತ್ತವರ ಅಥವಾ ಮಕ್ಕಳ ರಕ್ತದ ಮಾದರಿಯನ್ನು ಹೋಲಿಕೆಗೆ ಕಳಿಸಬೇಕಾದರೆ ತನಿಖಾಧಿಕಾರಿಯ ಪತ್ರ ಬೇಕು. ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ನೀವು ನೇರವಾಗಿ ಹೋದರೆ ಆಗುವುದಿಲ್ಲ.

ಪೋರ್ಟಲ್‌ಗಳಿಗೆ 3 ಅಂಕ, ಅದೂ ಹುಡುಕುವ ಕ್ರಮ ಗೊತ್ತಿದ್ದರೆ. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ರಾಷ್ಟ್ರಮಟ್ಟದ ಮಿಸಿಂಗ್ ಪರ್ಸನ್ ಸರ್ಚ್ 2020ರ ಜನವರಿಯಿಂದ ಸಾರ್ವಜನಿಕರಿಗೆ ತೆರೆದಿದೆ. ಮಕ್ಕಳ ವಿಷಯಕ್ಕೆ ಟ್ರ್ಯಾಕ್‌ಚೈಲ್ಡ್, ಖೋಯಾ-ಪಾಯಾ ಎಂಬ ಎರಡೂ ಸರ್ಕಾರಿ ತಾಣಗಳು ಈಗ ಮಿಷನ್ ವಾತ್ಸಲ್ಯ ಪೋರ್ಟಲ್‌ನಲ್ಲಿ ಸೇರಿವೆ. ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಹೆಸರಿಗೆ ಇನಿಷಿಯಲ್ ಇರುತ್ತದೆ. ಮಹಾರಾಷ್ಟ್ರದ ನಮೂನೆಗೆ ಅಡ್ಡಹೆಸರು, ಹೆಸರು, ತಂದೆಯ ಹೆಸರು ಈ ಕ್ರಮದಲ್ಲೇ ಬೇಕು. ಹೀಗಾಗಿ ಊರಿನ ಹೆಸರು ಅಡ್ಡಹೆಸರಾಗುತ್ತದೆ, ಅಪ್ಪನ ಹೆಸರು ಮೊದಲಿಗೆ ಬರುತ್ತದೆ, ‘ಶಿವಪ್ಪ’ ಮರಾಠಿಯಲ್ಲಿ ‘ಶಿವಾಪ್ಪಾ’ ಆಗಿ ಇಂಗ್ಲಿಷಿಗೆ ಇಳಿಯುವಾಗ ಇನ್ನೊಂದು ರೂಪ ತಾಳುತ್ತದೆ. ಹೆಸರು ಹಾಕಿ ಹುಡುಕಿದರೆ ‘ದಾಖಲೆ ಇಲ್ಲ’ ಎಂದೇ ಬರುತ್ತದೆ. ಹೆಸರಿನ ಜಾಗ ಖಾಲಿ ಬಿಡಿ. ಲಿಂಗ, ರಾಜ್ಯ, ದಿನಾಂಕದ ಅವಧಿ, ಎತ್ತರ, ಇವುಗಳಿಂದ ಹುಡುಕಿ. ಗುರುತಿಲ್ಲದ ಶವದ ದಾಖಲೆಯಲ್ಲಿ ವಯಸ್ಸನ್ನು ಅಂದಾಜಿನಲ್ಲಿ ಬರೆದಿರುತ್ತಾರೆ. 62ರ ವ್ಯಕ್ತಿಗೆ 50ರಿಂದ 70 ಎಂದು ಕೊಡಿ, ಎತ್ತರಕ್ಕೆ ಎರಡೂ ಕಡೆ ಐದಾರು ಸೆಂಟಿಮೀಟರ್ ಸಡಿಲ ಬಿಡಿ. ಮಹಾರಾಷ್ಟ್ರ ಮುಗಿದ ಮೇಲೆ ಕರ್ನಾಟಕ, ಗೋವಾ, ತೆಲಂಗಾಣ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ವಾಡಿಯಲ್ಲೂ ಇಳಿಯಬಹುದು, ರಾಯಚೂರಿನಲ್ಲೂ ಇಳಿಯಬಹುದು. ಜನರಲ್ ಬೋಗಿಯ ಟಿಕೆಟಿಗೆ ಹೆಸರೇ ಇರುವುದಿಲ್ಲ.

ಖಾಸಗಿ ಪತ್ತೇದಾರರ ‘ಮಿಸಿಂಗ್ ಪ್ಯಾಕೇಜ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಉದ್ಯೋಗಕ್ಕೆ ಲೈಸೆನ್ಸ್ ಕೊಡುವ ಕಾನೂನು ದೇಶದಲ್ಲಿಲ್ಲ. 2007ರಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ. ‘ಸರ್ಕಾರಿ ಮಾನ್ಯತೆ’ ಎಂದು ಬೋರ್ಡಿನಲ್ಲಿದ್ದರೆ ಯಾವ ಮಾನ್ಯತೆ ಎಂದು ಕೇಳಿ. ಲಾಡ್ಜ್, ಆಶ್ರಮ, ಬಸ್ ಸ್ಟ್ಯಾಂಡ್ ಸುತ್ತಿ ಜನರನ್ನು ಮಾತಾಡಿಸುವುದು ಅವರು ನ್ಯಾಯವಾಗಿ ಮಾಡಬಹುದಾದ ಕೆಲಸ, ಅದಕ್ಕೆ ದುಡ್ಡು ಕೊಡಬಹುದು. ಕರೆಗಳ ವಿವರ, ಅಂದರೆ ಸಿಡಿಆರ್ ತೆಗೆಸಿಕೊಡುತ್ತೇವೆ ಎಂದರೆ ಎದ್ದು ಬನ್ನಿ. ಅದು ಅಪರಾಧ, 2018ರಲ್ಲಿ ಥಾಣೆ ಪೊಲೀಸರು ಇಂಥದೇ ಜಾಲವೊಂದನ್ನು ಹಿಡಿದಿದ್ದರು. ಪೊಲೀಸರು ಕೇಳಿದರೆ ಕಂಪನಿಗಳು ಕೊಡಬೇಕು, ಮತ್ತು 2021ರ ಡಿಸೆಂಬರಿನಿಂದ ಎರಡು ವರ್ಷದ ದಾಖಲೆ ಇಟ್ಟಿರಬೇಕು. ಹಾಗಾಗಿ ದುಡ್ಡಿಗಿಂತ ತನಿಖಾಧಿಕಾರಿಗೆ ಒಂದು ಲಿಖಿತ ಅರ್ಜಿ ಮೇಲು, ಅದೂ ಎರಡು ವರ್ಷ ತುಂಬುವ ಮೊದಲು.

ಇನ್ನು ಹವ್ಯಾಸಿಗಳು. ಸೇವೆ ಉಚಿತ, ಉತ್ಸಾಹ ಅಪಾರ, ಅಂಕ 1. ಅವರ ಥಿಯರಿಗಳು ಮೂರು ನಾಲ್ಕು ಕಂಬಗಳ ಮೇಲೆ ನಿಂತಿರುತ್ತವೆ, ಎಲ್ಲಕ್ಕೂ ಗೆದ್ದಲು.

ಮೊದಲನೆಯದು ಲಾಸ್ಟ್ ಲೊಕೇಶನ್. ಟವರು ಫೋನ್ ಇದ್ದ ಜಾಗವನ್ನು ಹೇಳುವುದಿಲ್ಲ, ಅದು ಸಂಪರ್ಕದಲ್ಲಿದ್ದ ಆಂಟೆನಾವನ್ನು ಹೇಳುತ್ತದೆ. ಸಾಮಾನ್ಯವಾಗಿ ಒಂದು ಟವರಿಗೆ ಮೂರು ದಿಕ್ಕು, ಒಂದೊಂದಕ್ಕೆ 120 ಡಿಗ್ರಿ. ದಾದರಿನಂಥ ಕಡೆ ಅದು ಕೆಲವು ನೂರು ಮೀಟರು, ಘಾಟಿಯ ಇಳಿಜಾರಿನಲ್ಲಿ ಹಲವು ಕಿಲೋಮೀಟರು. ದಾದರಿನಲ್ಲಿ ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನು ಕೂಡುವುದರಿಂದ ‘ಕೊನೆಗೆ ದಾದರಿನಲ್ಲಿದ್ದರು’ ಎಂದರೆ ಇಡೀ ನಗರದಲ್ಲಿ ಎಲ್ಲಿಗಾದರೂ ಹೊರಟಿರಬಹುದು ಎಂದೇ ಅರ್ಥ. ಎರಡನೆಯದು ‘ಸ್ವಿಚ್ ಆಫ್’. ಬ್ಯಾಟರಿ ತಾನಾಗಿ ಮುಗಿದದ್ದಕ್ಕೂ ಬೇಕೆಂದೇ ಆರಿಸಿದ್ದಕ್ಕೂ ಆ ಧ್ವನಿ ಒಂದೇ. ವಾಟ್ಸಾಪಿನ ಒಂಟಿ ಟಿಕ್ ಕೂಡ ಹಾಗೆಯೇ: ಡೇಟಾ ಇಲ್ಲ, ಫೋನ್ ಆಫ್, ಬ್ಲಾಕ್ ಮಾಡಿದ್ದಾರೆ, ಮೂರರಲ್ಲಿ ಯಾವುದೆಂದು ಅದು ಹೇಳದು.

ಮೂರನೆಯದು ಸಿಸಿಟಿವಿ. ಸೊಸೈಟಿಯ ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಗಡಿಯಾರ ಹತ್ತು ಹದಿನೈದು ನಿಮಿಷ ಹಿಂದೆ ಮುಂದೆ ಇರುವುದು ಮಾಮೂಲು. ಎರಡು ಕ್ಯಾಮೆರಾಗಳ ನಡುವೆ ‘ಕಾಣೆಯಾದ ಹನ್ನೆರಡು ನಿಮಿಷ’ ಎಂದು ಗಂಟೆಗಟ್ಟಲೆ ಚರ್ಚೆಯಾಗುವುದು ಬಹುಪಾಲು ಈ ಗಡಿಯಾರದ ಮಹಿಮೆ. ದೃಶ್ಯ ನೋಡುವಾಗ ಡಿವಿಆರ್ ಪರದೆಯ ಪಕ್ಕ ಮೊಬೈಲಿನ ಗಡಿಯಾರ ಹಿಡಿದು ಒಂದು ಫೋಟೊ ತೆಗೆಯಿರಿ, ವ್ಯತ್ಯಾಸ ಅಲ್ಲೇ ದಾಖಲಾಗುತ್ತದೆ. ಥಿಯರಿಗೆ ಸಮಯವಿದೆ, ದೃಶ್ಯಕ್ಕಿಲ್ಲ. ನಾಲ್ಕು ಕ್ಯಾಮೆರಾ, ಒಂದೊಂದು ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬಿಡದೆ ಚಿತ್ರೀಕರಿಸಿದರೆ ದಿನಕ್ಕೆ ಸುಮಾರು 173 ಜಿಬಿ. 1 ಟಿಬಿ ಡಿಸ್ಕ್ ಆರು ದಿನ ತುಂಬುವ ಮೊದಲೇ ಹಳೆಯದನ್ನು ಅಳಿಸತೊಡಗುತ್ತದೆ. ದೃಶ್ಯವನ್ನು ಹೆಚ್ಚು ಕುಗ್ಗಿಸುವ ಎಚ್.265 ಕ್ರಮದಲ್ಲಿ ಅರ್ಧ ಜಾಗ ಸಾಕಾದರೂ ಹನ್ನೊಂದು ಹನ್ನೆರಡು ದಿನ. ಮೊದಲ ಎರಡು ದಿನದಲ್ಲೇ ಸೊಸೈಟಿ ಸೆಕ್ರೆಟರಿಗೆ, ಕೆಳಗಿನ ಅಂಗಡಿಯವರಿಗೆ ‘ಡಿಸ್ಕ್ ಮುಟ್ಟಬೇಡಿ’ ಎಂದು ಬರೆದುಕೊಡಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಪೊಲೀಸರು ಮೂಲ ಫೈಲನ್ನು ಹ್ಯಾಶ್ ಮೌಲ್ಯದೊಂದಿಗೆ (ಫೈಲು ತಿದ್ದಿಲ್ಲವೆಂದು ತೋರಿಸುವ ಸಂಕೇತ), ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಜೊತೆ ತೆಗೆದುಕೊಳ್ಳಬೇಕು.

ಕಾರಿನಲ್ಲಿ ಹೋದವರಾದರೆ ಫಾಸ್ಟ್ಯಾಗ್ ಎಸ್ಸೆಮ್ಮೆಸ್ ಯಾವ ಥಿಯರಿಗಿಂತಲೂ ನೇರ. ಖಾಲಾಪುರ, ತಳೇಗಾಂವ್, ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳಿ: ಊರಿನ ದಾರಿಯ ಟೋಲುಗಳು. ಕಿಣಿಯಲ್ಲಿ ಕಡಿತವಾಗಿ ಕೊಗನೊಳಿಯಲ್ಲಿ ಆಗಿಲ್ಲವೆಂದರೆ ಹುಡುಕಬೇಕಾದ್ದು ಕೊಲ್ಹಾಪುರದ ಸುತ್ತ, ಬೆಳಗಾವಿಯಲ್ಲಲ್ಲ.

ಹವ್ಯಾಸಿಗಳಿಗೆ ಆ ಒಂದು ಅಂಕವಾದರೂ ಯಾಕೆ? ಅವರು ನಿಜಕ್ಕೂ ಮಾಡಬಲ್ಲ ಕೆಲಸವೊಂದಿದೆ. ಕರ್ಜತ್‌ನಲ್ಲಿ ಡಾ. ಭರತ್ ವಾಟ್ವಾನಿ ಅವರ ಶ್ರದ್ಧಾ ಪುನರ್ವಸತಿ ಸಂಸ್ಥೆ ರಸ್ತೆಯಲ್ಲಿ ಅಲೆಯುವ ಮಾನಸಿಕ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಊರಿಗೆ ಮುಟ್ಟಿಸುತ್ತದೆ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ. ಇಂಥ ಕಡೆ ತೊಡಕಾಗುವುದು ಭಾಷೆ. ಹೆಸರು, ಊರು ಹೇಳಲಾಗದ ಮುದುಕಿ ‘ಹೋಗೂದೈತಿ’ ಅಂದರೆ ಧಾರವಾಡದ ಕಡೆ, ‘ಹೋಯ್ಕ್’ ಅಂದರೆ ಕುಂದಾಪುರ, ‘ಪೋವೊಡು’ ಅಂದರೆ ತುಳು. ಅರ್ಧ ನಿಮಿಷದ ಧ್ವನಿ ತುಣುಕು ಕೇಳಿ ಸೀಮೆ ಹೇಳಬಲ್ಲ ಕನ್ನಡಿಗರು ಮಾಟುಂಗಾ, ಸಾಂತಾಕ್ರೂಜ್‌ನ ಸಂಘಗಳಲ್ಲಿ ಬೇಕಾದಷ್ಟಿದ್ದಾರೆ. ಪಶ್ಚಿಮ ಬಂಗಾಳದ ಹ್ಯಾಮ್ ರೇಡಿಯೊ ಹವ್ಯಾಸಿಗಳು ಇದೇ ರೀತಿ ಊರು ಹುಡುಕಿ ಜನರನ್ನು ಮನೆ ಮುಟ್ಟಿಸುತ್ತ ಬಂದಿದ್ದಾರೆ. ಆಶ್ರಮದಲ್ಲಿರುವವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ಯಲು ಸಂಸ್ಥೆಯವರಿಗೆ ನೆನಪಿಸುವುದೂ ಉಪಯುಕ್ತ: ಹೊಸ ನೋಂದಣಿ ‘ಈಗಾಗಲೇ ಇದೆ’ ಎಂದು ತಿರಸ್ಕೃತವಾದಾಗಲೇ ಕುಟುಂಬ ಪತ್ತೆಯಾದ ಉದಾಹರಣೆಗಳಿವೆ.

ಪೋಸ್ಟರ್ ಮಾಡುವುದಾದರೆ ಕನ್ನಡ, ಮರಾಠಿ, ಹಿಂದಿ ಮೂರೂ ಇರಲಿ, ಇಸವಿ ಕಡ್ಡಾಯ. ಇಸವಿ ಇಲ್ಲದ ಪೋಸ್ಟರು ಐದು ವರ್ಷದ ನಂತರವೂ ‘ನಿನ್ನೆ ಕಾಣೆ’ ಎಂದು ಸುತ್ತುತ್ತಿರುತ್ತದೆ. ಗುರುತಿನ ಒಂದು ಚಿಹ್ನೆಯನ್ನು ಬೇಕೆಂದೇ ಬಿಡಿ. ‘ನಿಮ್ಮವರು ನಮ್ಮ ಹತ್ತಿರ ಇದ್ದಾರೆ, ದುಡ್ಡು ಹಾಕಿ’ ಎಂಬ ಕರೆಗಳು ಬಂದೇ ಬರುತ್ತವೆ, ಆಗ ಆ ಚಿಹ್ನೆ ಕೇಳಿದರೆ ಸಾಕು. ಹೊಸ ಸಿಮ್ ತೆಗೆದು ಅದರ ನಂಬರು ಹಾಕುವವರು ಅದನ್ನು ರೀಚಾರ್ಜ್ ಮಾಡುವುದು ಯಾರೆಂದು ಅವತ್ತೇ ಗೊತ್ತುಮಾಡಿಕೊಳ್ಳಬೇಕು. ಬಳಸದ ಸಿಮ್ ಕೆಲವೇ ತಿಂಗಳಲ್ಲಿ ರದ್ದಾಗಿ, ನಂಬರು ಬೇರೆಯವರ ಕೈಸೇರುತ್ತದೆ. ಇಪ್ಪತ್ತು ವರ್ಷದಿಂದ ಬದಲಾಗದ ಅಂಗಡಿಯ ನಂಬರೋ ಸಂಘದ ಕಚೇರಿಯ ನಂಬರೋ ಜೊತೆಗಿರಲಿ. ಮಗು ಸಿಕ್ಕಿದ ಕ್ಷಣದಿಂದ ಪೋಸ್ಟರು ಅಳಿಸಬೇಕು. ಅಪರಾಧಕ್ಕೆ ಒಳಗಾದ ಮಗುವಿನ ಗುರುತು ಹಂಚುವುದಕ್ಕೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡವಿದೆ.

ಸಿಗದೇ ಹೋದವರ ಮನೆಗೆ ಒಂದು ಮಾತು, ಯಾರೂ ಹೇಳಲು ಇಷ್ಟಪಡದ್ದು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸಾಕ್ಷ್ಯ ಅಧಿನಿಯಮದ 111ನೇ ಕಲಮಿನಡಿ ಮೃತರೆಂದು ಭಾವಿಸಬಹುದು, ಆದರೆ ಕಾಣೆಯಾದ ದಿನವೇ ಮೃತರಾದರು ಎಂದಲ್ಲ. ಎಲ್‌ಐಸಿ ವಿರುದ್ಧ ಅನುರಾಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದ್ದು ಇದನ್ನೇ. ಆದ್ದರಿಂದ ಆ ಏಳು ವರ್ಷವೂ ವಿಮೆಯ ಕಂತು ಕಟ್ಟುತ್ತಲೇ ಇರಬೇಕು. ಪಾಲಿಸಿ ನಡುವೆ ಲ್ಯಾಪ್ಸ್ ಆದರೆ ಕೊನೆಗೆ ಕೈಗೆ ಬರುವುದು ಬಹಳ ಕಡಿಮೆ. ರಸೀದಿಗಳನ್ನು ಮಿಸಿಂಗ್ ರಜಿಸ್ಟರಿನ ಪ್ರತಿಯ ಜೊತೆ ಒಂದೇ ಫೈಲಿನಲ್ಲಿ ಇಡಿ.