ಫೈಬರ್ ಸ್ಟ್ರೈನ್ ಸೆನ್ಸರ್ ಹಾಕಿಸೋರು ಮೊದಲು ಟೆಂಪರೇಚರ್ ಕಾಲಂ ನೋಡಿ

ಸೇತುವೆಯ ಲೋಡ್ ಟೆಸ್ಟ್‌ಗೆ ಆಪ್ಟಿಕಲ್ ಫೈಬರ್ ಸೆನ್ಸರ್ ಹಾಕಿಸೋರು ದಯವಿಟ್ಟು ಓದಿ. ಸಿಟ್ಟು ಇನ್ನೂ ಇಳಿದಿಲ್ಲ, ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ಸಪ್ಲೈಯರ್ ಹೆಸರು ಬೇಡ. ಕೊಟೇಶನ್‌ನಲ್ಲಿ 'ಟೆಂಪರೇಚರ್ ಕಾಂಪೆನ್ಸೇಟೆಡ್' (ಬಿಸಿಯಿಂದಾಗೋ ವ್ಯತ್ಯಾಸ ಕಳೆದು ತೋರಿಸೋದು) ಅಂತ ದಪ್ಪಕ್ಷರದಲ್ಲಿತ್ತು. ಎಫ್‌ಬಿಜಿ (ಫೈಬರ್ ಬ್ರ್ಯಾಗ್ ಗ್ರೇಟಿಂಗ್, ಅಂದ್ರೆ ಒಂದೇ ತರಂಗಾಂತರದ ಬೆಳಕನ್ನ ವಾಪಸ್ ಕಳಿಸೋ ಫೈಬರ್ ತುಂಡು) ಸೆನ್ಸರ್‌ಗೆ ಅದೆಷ್ಟು ಮುಖ್ಯ ಅಂತ ಈ ಕೆಲಸದವರಿಗೆ ಗೊತ್ತು. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ ಒಂದು ಮೈಕ್ರೋಸ್ಟ್ರೈನ್‌ಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದರೆ) ಆ ತರಂಗಾಂತರ ಸರಿಯೋದು ಸುಮಾರು 1.2 ಪಿಕೋಮೀಟರ್. ಬರೀ ಒಂದು ಡಿಗ್ರಿ ಬಿಸಿಯಾದರೆ ಸುಮಾರು 10. ಅಂದ್ರೆ ಒಂದು ಡಿಗ್ರಿ ಬಿಸಿಲು ಎಂಟು ಮೈಕ್ರೋಸ್ಟ್ರೈನ್ ವೇಷ ಹಾಕ್ಕೊಂಡು ಬರುತ್ತೆ. ಕಾಂಕ್ರೀಟ್ ತಾನೇ ಹಿಗ್ಗೋದು ಬೇರೆ.

ಟೆಸ್ಟ್ ದಿನ ಲಾರಿಗಳು ಇನ್ನೂ ಅಪ್ರೋಚ್ ರೋಡಲ್ಲೇ ನಿಂತಿವೆ. ಸೇತುವೆ ಖಾಲಿ. ಗರ್ಡರ್‌ನ (ಸೇತುವೆ ಹೊರೋ ತೊಲೆಯ) ಸ್ಟ್ರೈನ್ ಮಾತ್ರ ಬೆಳಗ್ಗೆಯಿಂದ ಏರ್ತಾನೇ ಇದೆ. ಇಲಾಖೆಯ ಎಂಜಿನಿಯರ್ ಸ್ಕ್ರೀನ್ ನೋಡಿ, "ಏನ್ರೀ ಇದು, ಲಾರಿ ಹತ್ತೋಕೆ ಮುಂಚೇನೇ ಗರ್ಡರ್ ಬಗ್ತಿದೆಯಾ?" ಅಂದರು. ಹಿಂದೆ ನಿಂತಿದ್ದವರೆಲ್ಲ ನಕ್ಕರು. ಮುಖ ಎಲ್ಲಿ ಇಟ್ಕೊಳ್ಳಲಿ?

ಲಾಗ್ ಫೈಲ್ ತೆಗೆದೆ. ಟೆಂಪರೇಚರ್ ಕಾಲಂನಲ್ಲಿ 25.0. ಕೆಳಗೆ 25.0. ಅದರ ಕೆಳಗೂ 25.0. ನಸುಕಿನಿಂದ ಮಧ್ಯಾಹ್ನದ ಸುಡು ಬಿಸಿಲಿನ ತನಕ 25.0! ಹೋಗಿ ನೋಡಿದರೆ ಗರ್ಡರ್ ಕೆಳಗೆ ಟೆಂಪರೇಚರ್ ಸೆನ್ಸರೇ ಇಲ್ಲ. ಸುಮ್ನೆ ಒಂದು ನಂಬರ್ ಟೈಪ್ ಮಾಡಿ ಇಟ್ಟಿದ್ದಾರೆ. ಕಾಂಪೆನ್ಸೇಟೆಡ್ ಅಂತೆ!

ಫೋನ್ ಮಾಡಿದೆ.

"ಸಾಫ್ಟ್‌ವೇರಲ್ಲೇ ಕಾಂಪೆನ್ಸೇಷನ್ ಇದೆ ಸರ್."

ಯಾವ ರೀಡಿಂಗ್ ಇಟ್ಕೊಂಡು ಅಂತ ಕೇಳಿದೆ.

"ಅದು ಡೀಫಾಲ್ಟ್ ವ್ಯಾಲ್ಯೂ ಸರ್. ಟೆಂಪರೇಚರ್ ಸೆನ್ಸರ್ ಬೇಕಂದ್ರೆ ಎಕ್ಸ್‌ಟ್ರಾ ಐಟಂ, ಬೇರೆ ಕೊಟೇಶನ್ ಕಳಿಸ್ತೀನಿ."

ಮೈಯೆಲ್ಲ ಉರಿದುಹೋಯಿತು. ಹಾಗಾದರೆ ನಿಮ್ಮ ಸೆನ್ಸರ್ ವಾಪಸ್ ತಗೊಳ್ಳಿ ಅಂದೆ. "ಅಂಟಿಸಿದ್ದನ್ನ ಹೇಗೆ ಸರ್ ತಗೊಳ್ಳೋದು?" ಇಪಾಕ್ಸಿ ಹಾಕಿ ಅಂಟಿಸಿದ್ದೂ ಅವರ ಹುಡುಗರೇ! ಕೊನೆಗೆ ಸಲಹೆ ಬೇರೆ: "ರಿಪೋರ್ಟಲ್ಲಿ ಮಧ್ಯಾಹ್ನದ ಗ್ರಾಫ್ ಬಿಟ್ಬಿಡಿ ಸರ್, ಯಾರು ಕೇಳ್ತಾರೆ?" 24 ಗಂಟೆ ಲೋಡ್ ನಿಲ್ಲಿಸಿ ನೋಡೋ ಟೆಸ್ಟ್‌ನಲ್ಲಿ ಮಧ್ಯಾಹ್ನವನ್ನೇ ಬಿಡಬೇಕಂತೆ.

ನೀವು ಹಾಕಿಸೋವಾಗ ಸ್ಟ್ರೈನ್ ಸೆನ್ಸರ್ ಪಕ್ಕದಲ್ಲೇ ಇನ್ನೊಂದು ಗ್ರೇಟಿಂಗ್, ಎಳೆತ ತಟ್ಟದೆ ಬರೀ ಬಿಸಿ ಅಳೆಯೋಕೆ ಅಂಟಿಸದೆ ಕೊಳವೆಯೊಳಗೆ ಸಡಿಲವಾಗಿ ಬಿಟ್ಟಿದ್ದು, ನಿಮ್ಮ ಕಣ್ಣಿಗೆ ಕಾಣಬೇಕು. ಆ ಕೊಳವೆಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ. ಟೆಂಪರೇಚರ್ ಕಾಲಂ ಏರಬೇಕು. ಅಲ್ಲಾಡಲಿಲ್ಲವಾ? ಬಾಕಿ ದುಡ್ಡು ಕೊಡಬೇಡಿ. ನಾನು ಕೊಟ್ಟಿಲ್ಲ. ಆ ಮನುಷ್ಯ ಬಾಕಿಗೆ ಫೋನ್ ಮೇಲೆ ಫೋನ್ ಮಾಡ್ತಿದ್ದಾನೆ. ಟೆಂಪರೇಚರ್ ಸೆನ್ಸರ್ ಕೊಟೇಶನ್ನೂ ಬಂದಿದೆ, ಜಿಎಸ್‌ಟಿ ಸೇರಿಸಿ.