ಹಳೇ ಕಾರು, ಟಕ್ ಟಕ್ ಸದ್ದು, ಮೆಕ್ಯಾನಿಕ್ ಸ್ಟೆತಾಸ್ಕೋಪ್: ಮೂರು ವರ್ಷ ಬಳಸಿದ ಮೇಲೆ

ಈ ಸ್ಟೆತಾಸ್ಕೋಪ್ ತಗೊಂಡಿದ್ದು ಒಂದೇ ಒಂದು ಸದ್ದಿಗಾಗಿ. ನನ್ನದು ಕಾರ್ಬುರೇಟರ್ ಕಾಲದ ಕಾರು. ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಪುಶ್‌ರಾಡ್ ಎಂಜಿನ್, ಅಂದರೆ ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕ್‌ನಲ್ಲಿದ್ದು ಉದ್ದ ಸರಳುಗಳ ಮೂಲಕ ಮೇಲಿನ ವಾಲ್ವ್‌ಗಳನ್ನು ತೆರೆಯುವಂಥದ್ದು. ಒಂದು ದಿನ ಐಡ್ಲಿಂಗ್‌ನಲ್ಲಿ ನಿಂತಿದ್ದಾಗ ಬಾನೆಟ್ ಕೆಳಗಿಂದ ಟಕ್ ಟಕ್ ಟಕ್ ಅಂತ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಜೊತೆಗೇ ಓಡುತ್ತಿತ್ತು. ವೇಗ ಹೆಚ್ಚಾದರೆ ಉಳಿದ ಗದ್ದಲದಲ್ಲಿ ಮುಳುಗಿ ಹೋಗುತ್ತಿತ್ತು. ಹಳೇ ಕಾರು ಇಟ್ಟುಕೊಂಡವರಿಗೆ ಗೊತ್ತು, ಇಂಥದ್ದು ಒಮ್ಮೆ ಕಿವಿಗೆ ಬಿದ್ದರೆ ಮುಗೀತು. ಆಮೇಲೆ ಎಂಜಿನ್‌ನಲ್ಲಿ ಬೇರೇನೂ ಕೇಳಿಸೋದೇ ಇಲ್ಲ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಟ್ಯಾಪೆಟ್ ಸೌಂಡ್ ಸಾರ್, ಅಡ್ಜಸ್ಟ್ ಮಾಡಿದ್ರೆ ಹೋಗುತ್ತೆ." ಒಬ್ಬ ಮೆಕ್ಯಾನಿಕ್ ಮಾತ್ರ ತಲೆ ಬಗ್ಗಿಸಿ ಕೇಳಿ, "ಬಿಗ್ ಎಂಡ್ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಲೇಬೇಕು" ಅಂದರು. ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಣ್ಣ ಗ್ಯಾಪ್ ಸರಿಮಾಡೋದು, ಅರ್ಧ ದಿನದ ಕೆಲಸ. ಬಿಗ್ ಎಂಡ್ ಅಂದರೆ ಪಿಸ್ಟನ್‌ನ ರಾಡ್ ಎಂಜಿನ್ ಕೆಳಗಿನ ಮುಖ್ಯ ಶಾಫ್ಟ್‌ಗೆ (ಕ್ರ್ಯಾಂಕ್) ಕೂಡುವ ಜಾಗ. ಎಂಜಿನ್ ಇಳಿಸೋದು ಅಂದರೆ ಕಾರಿನ ಆಸೆ ತಿಂಗಳುಗಟ್ಟಲೆ ಬಿಡಬೇಕು. ಯಾರನ್ನು ನಂಬೋದು ಗೊತ್ತಾಗದೆ ಇದನ್ನು ತರಿಸಿದೆ.

ನೋಡೋಕೆ ಡಾಕ್ಟರ್ ಕುತ್ತಿಗೆಗೆ ಹಾಕಿಕೊಳ್ಳುವಂಥದ್ದೇ. ಎದೆಗಿಡುವ ಬಿಲ್ಲೆಯ ಜಾಗದಲ್ಲಿ ಒಂದು ಪುಟ್ಟ ಲೋಹದ ಡಬ್ಬಿ, ಒಳಗೆ ತೆಳು ಪೊರೆ, ಮುಂದೆ ಗೇಣುದ್ದದ ಉಕ್ಕಿನ ಕಡ್ಡಿ. ಕಡ್ಡಿಯ ತುದಿ ತಾಗಿದ ಕಡೆಯ ಅದುರು ಪೊರೆಗೆ ಬಂದು ಅಲ್ಲಿಂದ ಕಿವಿಗೆ ಸೇರುತ್ತೆ. ಹೊಸ ವಿದ್ಯೆ ಏನಲ್ಲ. 1816ರಲ್ಲಿ ಫ್ರೆಂಚ್ ವೈದ್ಯ ರೆನೆ ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿ ರೋಗಿಯ ಎದೆಗಿಟ್ಟು ಕೇಳಿದ್ದರು. ಉದ್ದ ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ ಎಂಜಿನ್ ಕೇಳುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಅದರ ಮುಂದೆ ಇದರ ಲಾಭ ಅಂದರೆ ಹೊರಗಿನ ಗದ್ದಲ ಕಡಿಮೆ, ಮುಖ ಫ್ಯಾನ್‌ನಿಂದ ದೂರ.

ಮೊದಲ ದಿನವೇ ಇದು ನನಗೆ ಸುಳ್ಳು ಹೇಳಿತು. ಅಥವಾ ನಾನೇ ತಪ್ಪಾಗಿ ಕೇಳಿಸಿಕೊಂಡೆ. ಕಡ್ಡಿಯನ್ನು ಟ್ಯಾಪೆಟ್ ಕವರ್ ಮೇಲೆ ಇಟ್ಟೆ. ಹಿಂದೆ, ಮುಂದೆ, ಮಧ್ಯೆ, ಎಲ್ಲಿಟ್ಟರೂ ಟಕ್ ಟಕ್. ಸರಿ, ಟ್ಯಾಪೆಟ್ಟೇ ಅಂದುಕೊಂಡೆ. ಕವರ್ ಬಿಚ್ಚಿ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಿಡಿದು ಎಂಟೂ ವಾಲ್ವ್‌ಗಳಿಗೆ 0.30 ಮಿ.ಮೀ. ಗ್ಯಾಪ್ ಕೊಟ್ಟೆ. ಇಂಥ ಎಂಜಿನ್‌ಗೆ ಒಂಬತ್ತರ ಲೆಕ್ಕ ಸುಲಭ: ಎಂಟನೇ ವಾಲ್ವ್ ಪೂರ್ತಿ ತೆರೆದಿದ್ದಾಗ ಒಂದನೆಯದನ್ನು ಸರಿಮಾಡಬೇಕು, ಏಳನೆಯದು ತೆರೆದಿದ್ದಾಗ ಎರಡನೆಯದನ್ನು, ಎರಡೂ ಕೂಡಿದರೆ ಒಂಬತ್ತು. ಸದ್ದು ಹೋಗಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲವೂ ಮಾಡಿದೆ, ನಾಚಿಕೆ ಬಿಟ್ಟು ಹೇಳ್ತೀನಿ.

ಆಮೇಲೆ ಹೊಳೆಯಿತು. ಆ ಕವರ್ ಬರೀ ತಗಡು. ತಮಟೆ ಇದ್ದ ಹಾಗೆ, ಎಲ್ಲಿ ಬಡಿದರೂ ಪೂರ್ತಿ ಮೊಳಗುತ್ತೆ. ಕಡ್ಡಿಯನ್ನು ತಗಡಿನ ಮೇಲೆ ಇಡಬಾರದು. ಗಟ್ಟಿ ಲೋಹಕ್ಕೆ, ಬೋಲ್ಟ್ ತಲೆಗೆ ಇಡಬೇಕು. ಹಾಗೆ ಇಟ್ಟಾಗ ಮೇಲ್ಗಡೆ ಸದ್ದು ತೀರಾ ಸಣ್ಣದಾಯಿತು. ಕೆಳಗೆ ಬ್ಲಾಕ್‌ಗೆ, ಎರಡನೇ ಸಿಲಿಂಡರ್ ನೇರಕ್ಕೆ ಇಟ್ಟರೆ ಜೋರಾಯಿತು. ಎದೆ ಧಸಕ್ಕೆಂದಿತು. ಬಿಗ್ ಎಂಡ್ ಅಂದವರ ಮಾತೇ ನಿಜ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಉಳಿದ ಲಕ್ಷಣಗಳು ಕೂಡಿಬರುತ್ತಿರಲಿಲ್ಲ. ಆಯಿಲ್ ಪ್ರೆಶರ್ ಚೆನ್ನಾಗಿತ್ತು. ಬಿಗ್ ಎಂಡ್ ಸವೆದಿದ್ದರೆ ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಸದ್ದು ಜಾಸ್ತಿಯಾಗಬೇಕು. ಪಿಸ್ಟನ್ ಸಡಿಲವಾಗಿದ್ದರೆ, ಅಥವಾ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಹೋಗುವ ಕೊಳವೆ) ಲೀಕ್ ಇದ್ದರೆ, ತಣ್ಣಗಿದ್ದಾಗ ಜೋರಾಗಿ, ಬಿಸಿಯಾದಂತೆ ಇಳಿಯಬೇಕು. ನನ್ನದು ಬೆಳಿಗ್ಗೆಯೂ ಹಾಗೇ, ಅರ್ಧ ಗಂಟೆ ಓಡಿಸಿದ ಮೇಲೂ ಹಾಗೇ. ಒಂದೊಂದೇ ಪ್ಲಗ್ ವೈರ್ ಬಿಚ್ಚಿ, ಅರ್ತ್ ಮಾಡಿ ನೋಡಿದೆ. ಬೇರಿಂಗ್ ಸದ್ದಾಗಿದ್ದರೆ ಆ ಸಿಲಿಂಡರ್ ಉರಿಯದಿದ್ದಾಗ ಮೆತ್ತಗಾಗಬೇಕಿತ್ತು. ನಾಲ್ಕರಲ್ಲಿ ಯಾವುದು ಬಿಚ್ಚಿದರೂ ಎಂಜಿನ್ ನಡುಗಿತು, ಟಕ್ ಟಕ್ ಮಾತ್ರ ಅದರ ಪಾಡಿಗೆ ಅದು.

ಕೊನೆಗೆ ಟೈಮಿಂಗ್ ಲೈಟನ್ನು, ಅಂದರೆ ಪ್ಲಗ್‌ಗೆ ಕಿಡಿ ಹೋದಾಗಲೆಲ್ಲ ಮಿಂಚುವ ದೀಪವನ್ನು, ಒಂದನೇ ಪ್ಲಗ್ ವೈರ್‌ಗೆ ಸಿಕ್ಕಿಸಿ, ಸ್ಟೆತಾಸ್ಕೋಪ್ ಕಿವಿಗೆ ಹಾಕಿಕೊಂಡೆ. ಆ ಲೈಟ್ ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಒಮ್ಮೆ ಮಿಂಚುತ್ತೆ. ಕ್ಯಾಮ್‌ಶಾಫ್ಟ್ ಓಡೋದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಅಂದರೆ ಕ್ಯಾಮ್‌ನ ಒಂದು ಸುತ್ತಿಗೆ ಒಂದು ಮಿಂಚು. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ನಿಮಿಷಕ್ಕೆ 400 ಮಿಂಚು. ಎಣಿಸೋಕೆ ಆಗಲ್ಲ, ಆದರೆ ತಾಳ ಹಿಡಿಯಬಹುದು. ಪ್ರತಿ ಮಿಂಚಿಗೆ ಒಂದು ಟಕ್. ಒಂದೂ ತಪ್ಪಲಿಲ್ಲ. ಹಾಗಾದರೆ ಇದು ಕ್ಯಾಮ್‌ಗೆ ಸಂಬಂಧಿಸಿದ್ದು, ಆದರೆ ಮೇಲಿನದ್ದಲ್ಲ, ಕೆಳಗಿನದ್ದು.

ಕ್ಯಾಮ್‌ನಿಂದ ಓಡುವುದು, ಬ್ಲಾಕ್ ಪಕ್ಕದಲ್ಲೇ ಇರುವುದು ಇನ್ನೇನಿದೆ? ಪೆಟ್ರೋಲ್ ಪಂಪ್! ಅಷ್ಟು ದಿನ ಕಡ್ಡಿಯನ್ನು ಎಲ್ಲೆಲ್ಲೋ ಇಟ್ಟಿದ್ದೆ, ಪಂಪ್ ಮೇಲೆ ಮಾತ್ರ ಇಟ್ಟಿರಲಿಲ್ಲ. ಅದೂ ಸದ್ದು ಮಾಡುತ್ತೆ ಅಂತ ತಲೆಗೇ ಬಂದಿರಲಿಲ್ಲ. ಇಟ್ಟ ತಕ್ಷಣ ಕಿವಿಯೊಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು.

ಆದರೂ ಒಂದು ಅನುಮಾನ. ಪಂಪ್ ಚೆನ್ನಾಗಿದ್ದಾಗಲೂ ಸ್ವಲ್ಪ ಟಿಕ್ ಟಿಕ್ ಇದ್ದೇ ಇರುತ್ತೆ. ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟೆ. ಪೈಪ್ ಬಾಯಿ ಭದ್ರವಾಗಿ ಮುಚ್ಚಿದೆ. ಎರಡು ಬೋಲ್ಟ್ ಬಿಚ್ಚಿ ಪಂಪ್ ತೆಗೆದು, ಆ ತೂತಿಗೆ ಗ್ಯಾಸ್ಕೆಟ್ ಜೊತೆ ಒಂದು ತಗಡಿನ ಪಟ್ಟಿ ಕೂರಿಸಿದೆ, ಇಲ್ಲದಿದ್ದರೆ ಆಯಿಲ್ ಹೊರಗೆ ಎರಚುತ್ತೆ. ಚೆಲ್ಲಿದ ಪೆಟ್ರೋಲ್ ಒರೆಸಿ, ಆರಿದ ಮೇಲೆ ಸ್ಟಾರ್ಟ್ ಮಾಡಿದೆ. ಕಾರ್ಬುರೇಟರ್ ಬಟ್ಟಲಲ್ಲಿ ಉಳಿದ ಪೆಟ್ರೋಲ್‌ನಲ್ಲೇ ಸ್ವಲ್ಪ ಹೊತ್ತು ಓಡಿತು. ಟಕ್ ಟಕ್ ಇಲ್ಲ. ಪೆಟ್ರೋಲ್ ಮುಗಿದು ಎಂಜಿನ್ ತಾನೇ ನಿಲ್ಲುವವರೆಗೂ ಸುಮ್ನೆ ಕೇಳುತ್ತಾ ನಿಂತೆ.

ಪಂಪ್ ಕೈಲಿ ಹಿಡಿದು ಅಲ್ಲಾಡಿಸಿದರೆ ತೋಳು ಲೊಡಲೊಡ ಅನ್ನುತ್ತಿತ್ತು. ತೋಳನ್ನು ಕ್ಯಾಮ್‌ಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ಎರಡು ತುಂಡಾಗಿತ್ತು. ಹಾಗಾಗಿ ತೋಳು ಕ್ಯಾಮ್ ಜೊತೆ ಜಾರುವ ಬದಲು ಪ್ರತಿ ಸುತ್ತಿಗೂ ಹಿಂದೆ ಬಿದ್ದು ಬಂದು ಬಡಿಯುತ್ತಿತ್ತು. ಪೆಟ್ರೋಲ್ ಮಾತ್ರ ಸರಿಯಾಗೇ ಬರುತ್ತಿತ್ತು, ಯಾಕಂದರೆ ಅದನ್ನು ಕಾರ್ಬುರೇಟರ್‌ಗೆ ತಳ್ಳೋದು ಡಯಾಫ್ರಮ್ ಕೆಳಗಿನ ಬೇರೆ ಸ್ಪ್ರಿಂಗ್. ಅದಕ್ಕೇ ಯಾರಿಗೂ ಪಂಪ್ ಮೇಲೆ ಅನುಮಾನ ಬಂದಿರಲಿಲ್ಲ. ಸ್ಪ್ರಿಂಗ್, ಪಿನ್ ಹೊಸದು ಹಾಕಿದೆ. ಅಷ್ಟೇ.

ಈಗ ವಸ್ತುವಿನ ಬಗ್ಗೆ. ಮೂರು ವರ್ಷದಲ್ಲಿ ಇದರಿಂದ ನೀರಿನ ಪಂಪ್ ಬೇರಿಂಗ್ ಒಂದನ್ನು, ಆಲ್ಟರ್ನೇಟರ್ ಬೇರಿಂಗ್ ಒಂದನ್ನು ಹಿಡಿದಿದ್ದೇನೆ. ಬೇರಿಂಗ್‌ಗೆ ಇದು ನಿಜಕ್ಕೂ ಒಳ್ಳೆಯದು. ಗರಗರ ಅಂತ ಮರಳು ಅರೆದ ಹಾಗೆ ಕೇಳಿಸುತ್ತೆ, ಗೊಂದಲವೇ ಇರಲ್ಲ. ಕಡ್ಡಿ, ಡಬ್ಬಿ ಎರಡನ್ನೂ ಕಿತ್ತು ಬರೀ ರಬ್ಬರ್ ಪೈಪನ್ನು ಮ್ಯಾನಿಫೋಲ್ಡ್ ಸುತ್ತ ಆಡಿಸಿದರೆ ಗಾಳಿ ಎಲ್ಲಿ ಲೀಕ್ ಆಗ್ತಿದೆ ಅಂತಲೂ ಗೊತ್ತಾಗುತ್ತೆ. ಇದು ಡಬ್ಬದ ಮೇಲೆ ಬರೆದಿರಲಿಲ್ಲ, ನಾನೇ ಕಂಡುಕೊಂಡಿದ್ದು.

ದೂರುಗಳೂ ಇವೆ. ಕಿವಿಗೆ ಹಾಕುವ ತುದಿಗಳು ಎರಡೇ ವರ್ಷಕ್ಕೆ ಗಟ್ಟಿಯಾದವು, ಹತ್ತು ನಿಮಿಷಕ್ಕೆ ಕಿವಿ ನೋಯುತ್ತೆ. ರಬ್ಬರ್ ಪೈಪ್ ಆಯಿಲ್ ತಾಗಿ ಬುಡದಲ್ಲಿ ಸೀಳಿತು, ಅಷ್ಟು ಕತ್ತರಿಸಿ ಮತ್ತೆ ಸಿಕ್ಕಿಸಿದ್ದೇನೆ. ಕಡ್ಡಿ ಆಗಾಗ ಡಬ್ಬಿಯಿಂದ ಕಳಚುತ್ತೆ. ಓಡುವ ಎಂಜಿನ್ ಮೇಲೆ ಅದು ಕಳಚಿದರೆ ಏನಾಗುತ್ತೆ ಅಂತ ಯೋಚಿಸೋದೂ ಬೇಡ, ಪ್ರತಿ ಸಲ ತಿರುಗಿಸಿ ಬಿಗಿ ಮಾಡಿಕೊಳ್ಳಿ. ಪೈಪ್ ಜೋತಾಡುತ್ತೆ, ಫ್ಯಾನ್ ಬೆಲ್ಟ್ ಹತ್ತಿರ ಒಂದು ಕೈಯಲ್ಲಿ ಹಿಡಿದೇ ಇರಬೇಕು. ಪ್ಲಗ್ ವೈರ್ ಹತ್ತಿರ ಕಡ್ಡಿ ತೆಗೆದುಕೊಂಡು ಹೋಗಬೇಡಿ. ನನಗೆ ಒಮ್ಮೆ ಶಾಕ್ ಹೊಡೆದಿದೆ, ಮೊಣಕೈವರೆಗೂ ಜುಮ್ ಅಂದಿತು.

ಐದಕ್ಕೆ ಮೂರೂವರೆ ಕೊಡ್ತೀನಿ. ಕಿವಿ ತುದಿಗಳು ಮೆತ್ತಗೆ ಉಳಿದಿದ್ದರೆ ನಾಲ್ಕು ಕೊಡುತ್ತಿದ್ದೆ. ತಗೊಂಡವರು ಮೊದಲು ಚೆನ್ನಾಗಿರುವ ಎಂಜಿನ್ ಮೇಲೆ ಒಂದು ಗಂಟೆ ಕಳೆಯಿರಿ. ಪ್ರತಿ ಬೋಲ್ಟ್, ಪ್ರತಿ ಪಂಪ್ ಸರಿಯಿದ್ದಾಗ ಹೇಗೆ ಕೇಳಿಸುತ್ತೆ ಅಂತ ಗೊತ್ತಿದ್ದಿದ್ದರೆ ನಾನು ಟ್ಯಾಪೆಟ್ ಕವರನ್ನು ಮೂರು ಸಲ ಬಿಚ್ಚುತ್ತಿರಲಿಲ್ಲ.